ರೀಬೂಟ್ ಆದರೆ /ರನ್ ಒಳಗಿನ ಫೋಲ್ಡರ್ ಮಾಯ, ಡಿಸ್ಕ್‌ಗೆ ಹಾಕಿಬಿಡಲಾ?

ಪ್ರಶ್ನೆ

ಲಿನಕ್ಸ್‌ನಲ್ಲಿ ನಾನು ಬರೆದ ಒಂದು ಸಣ್ಣ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇದೆ. /ವಾರ್/ರನ್ ಕೆಳಗೆ ಒಂದು ಫೋಲ್ಡರ್ ಮಾಡಿ ಅದರ ಪಿಐಡಿ ಫೈಲ್ (ಪ್ರೋಸೆಸ್‌ನ ನಂಬರ್ ಬರೆದಿಡುವ ಫೈಲ್), ಸಾಕೆಟ್ (ಬೇರೆ ಪ್ರೋಗ್ರಾಂಗಳು ಇದರ ಜೊತೆ ಮಾತಾಡುವ ದಾರಿ) ಎರಡನ್ನೂ ಅಲ್ಲೇ ಇಟ್ಟಿದ್ದೇನೆ. ಇನ್‌ಸ್ಟಾಲ್ ಮಾಡಿದಾಗ ಚೆನ್ನಾಗಿ ಓಡುತ್ತದೆ. ರೀಬೂಟ್ ಮಾಡಿದರೆ ಫೋಲ್ಡರೇ ಇರುವುದಿಲ್ಲ, ಸರ್ವಿಸ್ ಶುರುವಾಗುವುದಿಲ್ಲ. ನೋಡಿದರೆ /ವಾರ್/ರನ್ ಬರೀ ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈತೋರಿಸುವ ಕೊಂಡಿ), ಅದು ತೋರಿಸುವ /ರನ್ ಟಿಎಂಪಿಎಫ್‌ಎಸ್, ಅಂದರೆ ಡಿಸ್ಕ್ ಬದಲು ಮೆಮೊರಿಯಲ್ಲಿರುವ ಫೈಲ್‌ಸಿಸ್ಟಂ. ಸಿಮ್‌ಲಿಂಕ್ ತೆಗೆದು ಡಿಸ್ಕ್ ಮೇಲೆ ಮಾಮೂಲಿ ಫೋಲ್ಡರ್ ಮಾಡಿದರೆ ತೊಂದರೆಯಾ? ಮಷೀನ್‌ನಲ್ಲಿ ರ‍್ಯಾಮ್ ಬೇರೆ ಕಡಿಮೆ. ಇದು ಸುಮ್ನೆ ಮೆಮೊರಿ ಹಿಡಿದುಕೊಂಡು ಕೂತಿರುತ್ತದೆ ಅಲ್ವಾ?

ಉತ್ತರ 1

ದಯವಿಟ್ಟು ಹಾಗೆ ಮಾಡಬೇಡಿ. ರೀಬೂಟ್‌ನಲ್ಲಿ ಖಾಲಿಯಾಗುವುದೇ /ರನ್‌ನ ಕೆಲಸ. ಪಿಐಡಿ ಫೈಲ್ ಡಿಸ್ಕ್‌ನಲ್ಲಿ ಉಳಿದರೆ ಏನಾಗುತ್ತದೆ ನೋಡಿ: ಕರೆಂಟ್ ಹೋಗಿ ಮಷೀನ್ ಮತ್ತೆ ಬೂಟ್ ಆಯಿತು, ಹಳೇ ಫೈಲ್‌ನಲ್ಲಿರುವ ನಂಬರ್ ಈಗ ಬೇರೆ ಯಾವುದೋ ಪ್ರೋಸೆಸ್‌ಗೆ ಸಿಕ್ಕಿದೆ, ನಿಮ್ಮ ಸ್ಟಾಪ್ ಸ್ಕ್ರಿಪ್ಟ್ ಹೋಗಿ ಅದನ್ನೇ ಕೊಲ್ಲುತ್ತದೆ. ಹಿಂದೆ ಇಂಥದ್ದನ್ನು ತಪ್ಪಿಸಲು ಬೂಟ್ ಸ್ಕ್ರಿಪ್ಟ್‌ಗಳು /ವಾರ್/ರನ್ ಅನ್ನು ಗುಡಿಸಿ ಹಾಕಬೇಕಿತ್ತು.

ಇನ್ನೊಂದು ಕಾರಣವೂ ಇದೆ. ಬೂಟ್‌ನ ಶುರುವಿನಲ್ಲೇ ಓಡುವ ಪ್ರೋಗ್ರಾಂಗಳಿಗೆ ಬರೆಯಲು ಜಾಗ ಬೇಕು, ಆದರೆ ಆ ಹೊತ್ತಿಗೆ /ವಾರ್ ಇನ್ನೂ ಮೌಂಟ್ ಆಗಿರದಿರಬಹುದು. ಹಿಂದೆ ಯೂಡೆವ್ (ಹಾರ್ಡ್‌ವೇರ್ ಡಿವೈಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ತನ್ನ ಡೇಟಾವನ್ನು /ಡೆವ್ ಒಳಗೇ ಚುಕ್ಕೆ ಫೋಲ್ಡರ್ ಮಾಡಿ ಇಟ್ಟುಕೊಳ್ಳುತ್ತಿತ್ತು. 2011ರಲ್ಲಿ ಫೆಡೋರಾ 15 ಜೊತೆ /ರನ್ ಬಂದ ಮೇಲೆ ಆ ಒದ್ದಾಟ ತಪ್ಪಿತು. ಯಾವ ಫೋಲ್ಡರ್ ಯಾವುದಕ್ಕೆ ಅಂತ ಹೇಳುವ ಮಾನದಂಡವಾದ ಎಫ್‌ಎಚ್‌ಎಸ್‌ನ 2015ರ 3.0 ಆವೃತ್ತಿಯಲ್ಲೂ ಅದು ಸೇರಿತು.

ನಿಮಗೆ ಬೇಕಿರುವುದು ಒಂದೇ ಸಾಲು. ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಂಡಿಗೆ ನಿಮ್ಮ ಸರ್ವಿಸ್ ಬಗ್ಗೆ ಹೇಳುವ ಯೂನಿಟ್ ಫೈಲ್‌ನ ಸರ್ವಿಸ್ ಭಾಗದಲ್ಲಿ ರನ್‌ಟೈಮ್‌ಡೈರೆಕ್ಟರಿ= ಅಂತ ಬರೆದು ಫೋಲ್ಡರ್ ಹೆಸರು ಕೊಡಿ. ಸರ್ವಿಸ್ ಶುರುವಾಗುವ ಮುಂಚೆ /ರನ್ ಕೆಳಗೆ ಫೋಲ್ಡರ್ ತಯಾರಾಗುತ್ತದೆ, ಯೂಸರ್= ಕೊಟ್ಟಿದ್ದರೆ ಅವರ ಹೆಸರಿಗೇ ಆಗುತ್ತದೆ. ಯೂನಿಟ್ ಇಲ್ಲದ ಪ್ರೋಗ್ರಾಂಗಳಿಗೆ ಟಿಎಂಪಿಫೈಲ್ಸ್.ಡಿ ಇದೆ, ಬೂಟ್‌ನಲ್ಲಿ ಯಾವ ಫೋಲ್ಡರ್ ಮಾಡಬೇಕು ಅಂತ ಅದರಲ್ಲಿ ಬರೆದಿಡಬಹುದು. ಅಂದಹಾಗೆ, ಸರ್ವಿಸ್ ತಾನಾಗಿ ಬ್ಯಾಕ್‌ಗ್ರೌಂಡ್‌ಗೆ ಹೋಗದಿದ್ದರೆ ಪಿಐಡಿ ಫೈಲೇ ಬೇಡ. ಪ್ರೋಸೆಸ್ ಯಾವುದು ಅಂತ ಸಿಸ್ಟಂಡಿಗೆ ಗೊತ್ತಿರುತ್ತದೆ.

ಉತ್ತರ 2

ರ‍್ಯಾಮ್ ವಿಷಯಕ್ಕೆ ಬರುತ್ತೇನೆ. ಡಿಎಫ್ ಕಮಾಂಡ್ /ರನ್‌ಗೆ ತೋರಿಸುವ ಸೈಜ್ ನೋಡಿ ಅಷ್ಟೂ ಮೆಮೊರಿ ಹೋಯಿತು ಅಂದುಕೊಳ್ಳಬೇಡಿ. ಅದು ಬರೀ ಮಿತಿ. ಒಳಗೆ ಫೈಲ್ ಎಷ್ಟಿದೆಯೋ ಅಷ್ಟೇ ಪೇಜ್‌ಗಳು ಖರ್ಚಾಗುತ್ತವೆ, ಒತ್ತಡ ಬಂದರೆ ಅವು ಸ್ವಾಪ್‌ಗೂ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಹೋಗಬಹುದು. ಸೈಜ್ ಹೇಳದೆ ಮೌಂಟ್ ಮಾಡಿದ ಟಿಎಂಪಿಎಫ್‌ಎಸ್‌ಗೆ ರ‍್ಯಾಮ್‌ನ ಅರ್ಧ ಮಿತಿ. ಲಾಗಿನ್ ಆದಾಗ ಬರುವ /ರನ್/ಯೂಸರ್ ಕೆಳಗಿನದಕ್ಕೆ ಸಿಸ್ಟಂಡಿಯ ಡೀಫಾಲ್ಟ್ 10%. ಸಾಕೆಟ್, ಪಿಐಡಿ ಫೈಲ್‌ಗಳ ಖರ್ಚು ಲೆಕ್ಕಕ್ಕೇ ಇಲ್ಲ.

ಹುಷಾರಾಗಿರಬೇಕಾದ್ದು ಲಾಗ್ ಬಗ್ಗೆ. ಯಾರಾದರೂ ದೊಡ್ಡ ಲಾಗ್ ತಂದು /ರನ್‌ನಲ್ಲಿ ಸುರಿದರೆ ಆ ಮೆಮೊರಿ ಮಾಮೂಲಿ ಫೈಲ್ ಕ್ಯಾಶ್ (ಡಿಸ್ಕ್ ಫೈಲ್‌ಗಳ ತಾತ್ಕಾಲಿಕ ಪ್ರತಿ) ಥರ ತಾನಾಗಿ ವಾಪಸ್ ಬರುವುದಿಲ್ಲ. ಫೈಲ್ ಅಳಿಸಲೇಬೇಕು. ಮೆಮೊರಿ ಮುಗಿದು ಕರ್ನಲ್ ಯಾವುದೋ ಪ್ರೋಸೆಸ್ ಕೊಂದರೂ ಟಿಎಂಪಿಎಫ್‌ಎಸ್‌ನ ಫೈಲ್ ಹಾಗೇ ಉಳಿಯುತ್ತದೆ. ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್‌ನ ಶೇರ್ಡ್ ಕಾಲಂ ಜಾಸ್ತಿ ಕಂಡರೆ ಮೊದಲು ಇಲ್ಲೇ ಹುಡುಕಿ.

ಕೇಳಿದವರು

ರನ್‌ಟೈಮ್‌ಡೈರೆಕ್ಟರಿ ಹಾಕಿದೆ, ರೀಬೂಟ್ ಆದರೂ ಸರ್ವಿಸ್ ಶುರುವಾಗುತ್ತಿದೆ, ತುಂಬಾ ಥ್ಯಾಂಕ್ಸ್. ಆದರೆ ಸರ್ವಿಸ್ ರೀಸ್ಟಾರ್ಟ್ ಮಾಡಿದರೂ ಫೋಲ್ಡರ್ ಖಾಲಿಯಾಗುತ್ತದೆ. ಎಲ್ಲಿಯವರೆಗೆ ಕೆಲಸ ಮುಗಿದಿದೆ ಅಂತ ಬರೆದಿಡುವ ಫೈಲೂ ಅದರಲ್ಲೇ ಇದೆ.

ಉತ್ತರ 1

ಸರ್ವಿಸ್ ನಿಂತಾಗ ಆ ಫೋಲ್ಡರ್ ಅಳಿಸಿಹೋಗುವುದು ಸರಿಯಾದ ನಡವಳಿಕೆಯೇ. ರನ್‌ಟೈಮ್‌ಡೈರೆಕ್ಟರಿಪ್ರಿಸರ್ವ್=ರೀಸ್ಟಾರ್ಟ್ ಕೊಟ್ಟರೆ ರೀಸ್ಟಾರ್ಟ್‌ನಲ್ಲಿ ಉಳಿಯುತ್ತದೆ, ಆದರೆ ರೀಬೂಟ್‌ನಲ್ಲಿ ಹೋಗೇ ಹೋಗುತ್ತದೆ. ಆ ಫೈಲ್ ನಾಳೆಯೂ ಬೇಕು ತಾನೇ? ಹಾಗಾದರೆ ಸ್ಟೇಟ್‌ಡೈರೆಕ್ಟರಿ= ಸೇರಿಸಿ ಅದನ್ನು /ವಾರ್/ಲಿಬ್ ಕೆಳಗೆ ಇಡಿ, ಸಾಕೆಟ್ ಮಾತ್ರ /ರನ್‌ನಲ್ಲಿ ಇರಲಿ.