ಅಪ್ಪನ ಆಧಾರ್ ಕಾರ್ಡ್ ನೆಂಟರ ಗ್ರೂಪಿನಲ್ಲಿದೆ, ಎಲ್ಲಿಂದ ಸರಿಮಾಡಲಿ?

ಸಾಗರದ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ, ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಪ್ಪನಿಗೆ 71 ವರ್ಷ.

ಕಳೆದ ವಾರ ಊರಿಗೆ ಹೋದಾಗ ಅಪ್ಪನ ಮೊಬೈಲಿನಲ್ಲಿ ಜಾಗ ಇಲ್ಲ ಅಂತ ಹಳೇ ಫೋಟೋ ಅಳಿಸಲು ಕೂತೆ. ಗ್ಯಾಲರಿ ನೋಡಿ ಎದೆ ಧಸಕ್ ಅಂದಿತು. ಅಪ್ಪನ ಆಧಾರ್ ಎರಡೂ ಬದಿ, ಅಮ್ಮನ ಪಾಸ್‌ಬುಕ್ಕಿನ ಮೊದಲ ಪುಟ, ಯಾವಾಗಲೋ ನಾನೇ ಕಳಿಸಿದ್ದ ನನ್ನ ಪ್ಯಾನ್ ಕಾರ್ಡ್, ಎಲ್ಲ ಅಲ್ಲಿತ್ತು. ಎಟಿಎಂ ಪಿನ್ ಮರೆಯಬಾರದು ಅಂತ ಫೋನ್ ನಂಬರುಗಳ ನಡುವೆ 'ಬ್ಯಾಂಕ್' ಅನ್ನೋ ಹೆಸರಿನಲ್ಲಿ ಸೇವ್ ಮಾಡಿಕೊಂಡಿದ್ದಾರೆ. ಬೆಳೆ ವಿಮೆ ಅರ್ಜಿಗೆ ಬೇಕು ಅಂತ ಅಣ್ಣನ ಮಗ ಆಧಾರ್ ಕೇಳಿದಾಗ ಅವನೊಬ್ಬನಿಗೆ ಕಳಿಸುವ ಬದಲು ನೆಂಟರ ಗ್ರೂಪಿಗೇ ಹಾಕಿದ್ದಾರೆ. ಅಲ್ಲಿ 83 ಜನ. ಅರ್ಧದಷ್ಟು ಜನರ ಪರಿಚಯವೇ ನನಗಿಲ್ಲ.

ಇನ್ನೊಂದು ವಿಷಯ. ಎರಡು ತಿಂಗಳ ಹಿಂದೆ ಅಮ್ಮನಿಗೆ ಒಂದು ಫೋನ್ ಬಂತು. ನನ್ನ ಮಗಳ ಹೆಸರು, ಶಾಲೆ, ಮೂರನೇ ಕ್ಲಾಸು, ಎಲ್ಲ ಸರಿಯಾಗಿ ಹೇಳಿದನಂತೆ. ಬಿದ್ದು ಕೈ ಮುರಿದಿದೆ, ಆಸ್ಪತ್ರೆಗೆ ಈಗಲೇ 18,000 ಹಾಕಿ ಅಂದನಂತೆ. ಅಮ್ಮ ನಡುಗುತ್ತಾ ನನಗೆ ಫೋನ್ ಮಾಡಿದಳು. ಮಗಳು ಆಗ ನನ್ನ ಪಕ್ಕದಲ್ಲೇ ಮೊಸರನ್ನ ತಿನ್ನುತ್ತಾ ಕೂತಿದ್ದಳು. ಆಮೇಲೆ ಹುಡುಕಿದರೆ ನಾನೇ ಹಾಕಿದ್ದ ಹುಟ್ಟುಹಬ್ಬದ ಫೋಟೋ ಸಿಕ್ಕಿತು. ಯೂನಿಫಾರ್ಮಿನಲ್ಲಿದ್ದಾಳೆ, ಕೊರಳಲ್ಲಿ ಐಡಿ ಕಾರ್ಡ್. ಕೆಳಗೆ 'ಅಜ್ಜಿಯ ಆಶೀರ್ವಾದ' ಅಂತ ಅಮ್ಮನ ಕಾಮೆಂಟ್. ಅಮ್ಮನ ಪ್ರೊಫೈಲಿನಲ್ಲಿ ಫೋನ್ ನಂಬರ್ ಯಾರಿಗೆ ಬೇಕಾದರೂ ಕಾಣುತ್ತಿತ್ತು.

ಈ ಹೆದರಿಕೆಯಲ್ಲಿ ಅಪ್ಪನಿಗೆ ಜೋರಾಗಿ ಬೈದುಬಿಟ್ಟೆ. ಅವರು ಏನೂ ಹೇಳದೆ ತೋಟಕ್ಕೆ ಹೋದರು. ರಾತ್ರಿ ಊಟಕ್ಕೆ ಕೂತಾಗ "ಇನ್ನು ಆ ಫೋನು ನೀನೇ ತಗೊಂಡು ಹೋಗು" ಅಂದರು. ನನಗೆ ಅದು ಬೇಕಾಗಿರಲಿಲ್ಲ. ಅವರ ಕೈಯಿಂದ ಫೋನ್ ಕಿತ್ತುಕೊಳ್ಳದೆ ಇದನ್ನೆಲ್ಲ ಹೇಗೆ ಸರಿಮಾಡುವುದು? ಮೊದಲು ಯಾವುದು?

ಜೆರಾಕ್ಸ್ ಅಂಗಡಿ, ದಾವಣಗೆರೆ:

ಅಕ್ಕಾ, ನಾನು 14 ವರ್ಷದಿಂದ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ನಡೆಸುತ್ತಿದ್ದೇನೆ. ಗ್ರೂಪಿಗಿಂತ ಜಾಸ್ತಿ ನಮ್ಮಂಥ ಅಂಗಡಿಗಳ ಬಗ್ಗೆ ಯೋಚನೆ ಮಾಡಿ. ಜನ ಬಂದ ತಕ್ಷಣ "ನಿಮ್ಮ ವಾಟ್ಸಾಪ್ ನಂಬರ್ ಹೇಳಿ" ಅಂತಾರೆ. ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಎಲ್ಲ ನನ್ನ ಫೋನಿಗೆ ಬರುತ್ತದೆ. ಪ್ರಿಂಟ್ ತೆಗೆಯಲು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ. ಅವರು ಮನೆಗೆ ಹೋಗಿ ಡಿಲೀಟ್ ಮಾಡಿದರೆ ಚಾಟಿನಿಂದ ಮಾತ್ರ ಹೋಗುತ್ತದೆ. ಅದೂ ಎರಡು ದಿನ ಚಿಲ್ಲರೆ ಕಳೆದರೆ ಎಲ್ಲರ ಫೋನಿನಿಂದ ಅಳಿಸಲು ಆಗುವುದಿಲ್ಲ. ನಾನು ಇಳಿಸಿಕೊಂಡ ಫೈಲ್ ಮಾತ್ರ ಡೌನ್‌ಲೋಡ್ ಫೋಲ್ಡರಿನಲ್ಲಿ ಹಾಗೇ ಇರುತ್ತದೆ. ನಾನು ರಾತ್ರಿ ಬಾಗಿಲು ಹಾಕುವ ಮುಂಚೆ ಎಲ್ಲ ತೆಗೆದುಬಿಡುತ್ತೇನೆ. ಎಲ್ಲ ಅಂಗಡಿಯವರೂ ತೆಗೆಯುತ್ತಾರೆ ಅಂತ ನಾನು ಮಾತು ಕೊಡಲಾರೆ.

ಹಾಗಾಗಿ ಅಲ್ಲೇ ನಿಂತು "ಅಣ್ಣಾ, ಅಳಿಸಿಬಿಡಿ, ರಿಸೈಕಲ್ ಬಿನ್ನೂ ಖಾಲಿ ಮಾಡಿ" ಅಂತ ಕೇಳಿ. ಕೇಳಿದರೆ ನಮಗೆ ಬೇಜಾರಿಲ್ಲ. ಮಸುಕಾಗಿ ಬಂದ ಪ್ರತಿ ಇದ್ದರೆ ಅದನ್ನೂ ಇಸ್ಕೊಂಡು ಹರಿದು ಹಾಕಿ. ರದ್ದಿಗೆ ಹೋದ ಆಧಾರ್ ಪ್ರತಿಯಲ್ಲಿ ಮಂಡಕ್ಕಿ ಕಟ್ಟಿ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆಸರು, ವಿಳಾಸ, ನಂಬರ್ ಎಲ್ಲ ಓದುವ ಹಾಗಿತ್ತು.

ಆಧಾರ್ ವೆಬ್‌ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಅಂತ ಸಿಗುತ್ತದೆ. ಮೊದಲ 8 ಅಂಕಿ ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ಲಾಡ್ಜು, ಬಾಡಿಗೆ ಮನೆ ಇಂಥ ಕಡೆ ಅದನ್ನೇ ಕೊಡಿ. ಕೆಲವು ಸರ್ಕಾರಿ ಅರ್ಜಿಗಳಿಗೆ ಪೂರ್ತಿ ನಂಬರ್ ಬೇಕೇ ಬೇಕು. ಅಲ್ಲಿ ಪ್ರತಿಯ ಮೇಲೆ ಅಡ್ಡಲಾಗಿ 'ಬೆಳೆ ವಿಮೆಗೆ ಮಾತ್ರ' ಅಂತ ಬರೆದು ತಾರೀಕು ಹಾಕಿ. ಇನ್ನೊಂದು, ಇಳಿಸಿಕೊಂಡ ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಧೈರ್ಯದಿಂದ ಗ್ರೂಪಿಗೆ ಹಾಕಬೇಡಿ. ಆ ಪಾಸ್‌ವರ್ಡ್ ಅಂದರೆ ಇಂಗ್ಲಿಷಿನಲ್ಲಿ ಹೆಸರಿನ ಮೊದಲ 4 ಅಕ್ಷರ, ಜೊತೆಗೆ ಹುಟ್ಟಿದ ಇಸವಿ. ನೆಂಟರಿಗೆ ಅದು ಗೊತ್ತಿಲ್ಲದೆ ಇರುತ್ತದಾ?

ನಿವೃತ್ತ ಬ್ಯಾಂಕ್ ನೌಕರ, ಮೈಸೂರು:

ನೋಡಮ್ಮ, ನಾನು ಮೊದಲು ಕೇಳುವುದು ಇಷ್ಟು. ನಿಮ್ಮ ತಂದೆ ಜಮೀನು ಕೊಟ್ಟದ್ದೋ ಕೊಂಡದ್ದೋ ಇದೆಯಾ? ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ. ಆಧಾರ್ ಮೂಲಕ ಹಣ ತೆಗೆಯುವ ಪದ್ಧತಿಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳಚ್ಚು ಇದ್ದರೆ ಸಾಕು. ಒಟಿಪಿ ಬೇಡ, ಪಿನ್ ಬೇಡ. 2023ರಲ್ಲಿ ನಮ್ಮ ರಾಜ್ಯದಲ್ಲೇ ನೋಂದಣಿ ಪತ್ರದ ಬೆರಳಚ್ಚು ನಕಲು ಮಾಡಿ ಖಾತೆಯಿಂದ ಹಣ ತೆಗೆದಿದ್ದಾರೆ ಅಂತ ದೂರುಗಳು ಬಂದವು. ಆದ್ದರಿಂದ ಮೊದಲ ಕೆಲಸ ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರಿನ ಬೆರಳಚ್ಚನ್ನು ಯಾರೂ ಬಳಸದ ಹಾಗೆ ಬೀಗ ಹಾಕುವುದು. ಆಧಾರ್ ಆ್ಯಪಿನಲ್ಲಿ ಆಗುತ್ತದೆ, ಮೊಬೈಲ್ ನಂಬರ್ ಆಧಾರಿಗೆ ಜೋಡಣೆ ಆಗಿರಬೇಕು. ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಲಾಕ್ ಆದರೆ ರೇಷನ್ ಅಂಗಡಿಯಲ್ಲೂ ಬೆರಳು ಒತ್ತಿದರೆ ತೆಗೆದುಕೊಳ್ಳುವುದಿಲ್ಲ. ಹೋಗುವ ಮುಂಚೆ ಸ್ವಲ್ಪ ಹೊತ್ತಿಗೆ ಲಾಕ್ ತೆಗೆದುಕೊಳ್ಳಬೇಕು. ಇದನ್ನು ಅವರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಬಂದಾರು.

ಹಣ ಹೋದದ್ದು ಗೊತ್ತಾದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮಗ ಸಂಜೆ ಬರಲಿ ಅಂತ ಕಾಯಬಾರದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಯಬೇಕು.

ಬೈಯುವ ವಿಷಯ. ವಯಸ್ಸಾದವರಿಗೆ ಇದೆಲ್ಲ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ನಿಮ್ಮ ತಂದೆಗೆ ಪಹಣಿ ಯಾರಿಗೆ ತೋರಿಸಬೇಕು, ಮೂಲ ಕ್ರಯಪತ್ರ ಯಾಕೆ ಪೆಟ್ಟಿಗೆಯಲ್ಲಿರಬೇಕು ಅನ್ನುವುದು ನಿಮಗಿಂತ ಚೆನ್ನಾಗಿ ಗೊತ್ತು. ಆಧಾರ್ ಕೂಡ ಪೆಟ್ಟಿಗೆಯ ಕಾಗದ ಅಂತ ಹೇಳಿ ನೋಡಿ.

ಕನ್ನಡ ಶಾಲೆ ಟೀಚರ್:

ಮೇಡಂ, ಮಗುವಿನ ಬಗ್ಗೆ ಎರಡು ಮಾತು. ಶಾಲೆಯ ಕಾರ್ಯಕ್ರಮದ ಫೋಟೋಗಳನ್ನು ನಾವು ಹೆಸರು, ಕ್ಲಾಸಿನ ಸಮೇತ ಹಾಕಿಬಿಡುತ್ತೇವೆ. ಪೋಷಕರು ಖುಷಿಪಡುತ್ತಾರೆ ಅಂತ ಹಾಕುವುದು. ಬೇಡ ಅಂತ ಒಂದು ಪತ್ರ ಬರೆದುಕೊಡಿ. ನನ್ನ ಕ್ಲಾಸಿನಲ್ಲಿ ಒಬ್ಬ ತಾಯಿ ಹಾಗೆ ಕೊಟ್ಟ ಮೇಲೆ ನಾವು ಎಲ್ಲ ಮಕ್ಕಳ ಹೆಸರನ್ನೂ ಬಿಟ್ಟೆವು. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲೂ 18 ವರ್ಷದೊಳಗಿನವರ ವಿವರ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತಿದೆ.

ಅಜ್ಜಿಗೂ ಮೊಮ್ಮಗಳಿಗೂ ಒಂದು ಗುಟ್ಟಿನ ಮಾತು ಇರಲಿ. ಯಾರೇ ಫೋನ್ ಮಾಡಿ ಅಪಘಾತ ಅಂದರೂ ಅಜ್ಜಿ ಅದನ್ನು ಕೇಳಲಿ. ಯಾವ ಮಾತು ಅಂತ ಇಲ್ಲಿ ಬರೆಯಬೇಡಿ.

ಸಾಗರದ ಮಗಳು:

ಎಲ್ಲರಿಗೂ ಧನ್ಯವಾದ. ಭಾನುವಾರ ಮತ್ತೆ ಊರಿಗೆ ಬಂದೆ. 2022ರಲ್ಲಿ ಅಪ್ಪ ಅರ್ಧ ಎಕರೆ ಕೊಟ್ಟಿದ್ದರು, ಹಾಗಾಗಿ ಮೊದಲು ಇಬ್ಬರದೂ ಬಯೋಮೆಟ್ರಿಕ್ ಲಾಕ್ ಮಾಡಿದೆವು. ತೆಗೆಯುವುದು ಹೇಗೆ ಅಂತ ಅಪ್ಪ ಮೂರು ಸಲ ತಾವೇ ಮಾಡಿ ನೋಡಿ, ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಪಿನ್ ಬದಲಾಯಿಸಿದೆವು. ವಾಟ್ಸಾಪಿಗೆ ಎರಡು ಹಂತದ ಪಿನ್ ಹಾಕಿ, ಅಪರಿಚಿತರು ಗ್ರೂಪಿಗೆ ಸೇರಿಸದ ಹಾಗೆ ಮಾಡಿದೆವು. ಅಮ್ಮನ ನಂಬರ್ ಪ್ರೊಫೈಲಿನಿಂದ ತೆಗೆದೆ. ಹುಟ್ಟುಹಬ್ಬದ ಫೋಟೋವನ್ನು ಮಗಳೇ ಅಳಿಸಿದಳು, ನಾನು ಅವಳನ್ನು ಕೇಳಿ ಹಾಕಿರಲಿಲ್ಲ.

ಪೆಟ್ಟಿಗೆಯ ಕಾಗದ ಅನ್ನೋ ಮಾತು ಅಪ್ಪನಿಗೆ ಚೆನ್ನಾಗಿ ಹಿಡಿಸಿತು. ರಾತ್ರಿ ತಾವೇ ಗ್ರೂಪಿಗೆ ಧ್ವನಿ ಸಂದೇಶ ಕಳಿಸಿದರು: "ನನ್ನ ಆಧಾರ್ ಫೋಟೋ ಯಾರ್ಯಾರ ಫೋನಲ್ಲಿದೆಯೋ ದಯವಿಟ್ಟು ತೆಗೆದುಬಿಡಿ, ತೆಗೆದ ಮೇಲೆ ನಂಗೆ ಹೇಳಿ." ಬೆಳಿಗ್ಗೆಯ ಹೊತ್ತಿಗೆ 31 ಜನ ತೆಗೆದೆವು ಅಂತ ಹೇಳಿದ್ದಾರೆ. ಉಳಿದವರಿಗೆ ಈಗ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಜಗಲಿಯಲ್ಲಿ ಕೂತಿದ್ದಾರೆ.