ಹಡಗಿನ ‘ಡಿಸ್‌ಪ್ಲೇಸ್‌ಮೆಂಟ್’ಗೆ ಯಾವ ಪದ? ಜೊತೆಗೆ ‘ಕೀಲ್’ ಬಗ್ಗೆ

ಗೆಳೆಯರೇ,

ರಿಮೋಟ್‌ನಿಂದ ಓಡಿಸುವ ಯುದ್ಧನೌಕೆಯ ಮಾದರಿಯನ್ನು ಮೊದಲ ಸಲ ಕಟ್ಟುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೋಟಾರು, ಬ್ಯಾಟರಿ, ಸರ್ವೋ, ರಿಸೀವರ್ ಎಲ್ಲವನ್ನೂ ಇದ್ದ ಹಾಗೇ ಇಟ್ಟುಕೊಂಡಿದ್ದೇನೆ. ಚುಕ್ಕಾಣಿ, ಲಂಗರು ನಮ್ಮಲ್ಲೇ ಇವೆ. ತೊಡಕಾಗಿರುವುದು ‘ಡಿಸ್‌ಪ್ಲೇಸ್‌ಮೆಂಟ್’.

ತೇಲುವ ಹಡಗು ಸರಿಸಿದ ನೀರಿನ ತೂಕ ಅದು. ಹಡಗಿನ ಒಟ್ಟು ತೂಕವೂ ಅಷ್ಟೇ. ಮಾದರಿ ಕಟ್ಟುವವರು ಮರ ಕೊಯ್ಯುವ ಮೊದಲೇ ಈ ಲೆಕ್ಕ ಹಾಕಬೇಕು. ಕೈಪಿಡಿಗೆ ನಾನು ಆರಿಸಿಕೊಂಡಿರುವುದು ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್. (‘ಚಾಪೆಲ್’ ಎಂದೂ ಬರೆಯುತ್ತಾರೆ. ಚಪಲ ಎಂಬ ನಮ್ಮದೇ ಪದ ಎದುರಿಗಿರುವಾಗ ಹಾಗೆ ಬರೆಯುವುದು ನನಗೆ ಸರಿಕಾಣದು.) ಅದು ನೆಲದ ಮೇಲಿರುವುದರಿಂದ ನೀರಿನಡಿಯ ಭಾಗವನ್ನೂ ಕಣ್ಣಾರೆ ನೋಡಬಹುದು. ಉದ್ದ 38.6 ಮೀಟರ್, ಅಗಲ 7.6 ಮೀಟರ್. ಉದ್ದಕ್ಕೆ ತಕ್ಕಂತೆ ಅಗಲ ಚೆನ್ನಾಗಿದೆ, ಬೇಗ ಮಗುಚುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. 1:50ರ ಅಳತೆಯಲ್ಲಿ ಮಾದರಿಯ ಉದ್ದ 77 ಸೆಂಟಿಮೀಟರ್. ತೂಕ ಮಾತ್ರ ಐವತ್ತರಲ್ಲಿ ಒಂದು ಪಾಲಲ್ಲ. 50ರ ಘನ, ಅಂದರೆ 1,25,000ದಿಂದ ಭಾಗಿಸಬೇಕು. ಸುಮಾರು 240 ಟನ್ನಿನ ಚಪಲ್ ಹೀಗೆ 1.9 ಕಿಲೋಗೆ ಇಳಿಯುತ್ತದೆ. ಒಡಲು, ಮೋಟಾರು, ಬ್ಯಾಟರಿ, ತಳದಲ್ಲಿಡುವ ಸೀಸದ ತುಂಡುಗಳು ಎಲ್ಲ ಸೇರಿ ಅಷ್ಟಾಗಬೇಕು. ಕಡಿಮೆಯಾದರೆ ಮೇಲೆದ್ದು ತೊನೆಯುತ್ತದೆ, ಹೆಚ್ಚಾದರೆ ಅಟ್ಟದ (ಡೆಕ್‌ನ) ಮೇಲೆ ನೀರು ಹರಿಯುತ್ತದೆ.

ಪಠ್ಯಪುಸ್ತಕದ ಪದ ‘ಸ್ಥಾನಪಲ್ಲಟ’. ಆದರೆ ಚಲನೆಯ ಪಾಠದಲ್ಲೂ ಅದೇ ಪದವಿದೆ. ‘ಚಪಲ್‌ನ ಸ್ಥಾನಪಲ್ಲಟ 240 ಟನ್’ ಎಂದು ಬರೆದರೆ ಹತ್ತನೇ ತರಗತಿಯ ಹುಡುಗಿ ಹಡಗು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೇಳುವುದು ನ್ಯಾಯವೇ. ಪತ್ರಿಕೆಗಳ ‘240 ಟನ್ ತೂಕದ ಹಡಗು’ ಕಿವಿಗೆ ಹಿತ, ಯುದ್ಧನೌಕೆಗೆ ಹೊಂದುತ್ತದೆ ಕೂಡ. ಸರಕು ಹಡಗಿಗೂ ಅದನ್ನೇ ಬಳಸುವುದರಿಂದ ಪೇಚು. ಅಲ್ಲಿ ಕೊಡುವ ಟನ್ ಒಮ್ಮೆ ಹೊರಬಲ್ಲ ಹೇರಿನದು, ಇನ್ನೊಮ್ಮೆ ಒಳಜಾಗದ ಗಾತ್ರದ್ದು. ಗಾತ್ರದ ಟನ್ನನ್ನು ತೂಕವೆಂದುಕೊಂಡು ಲೆಕ್ಕ ಹಾಕಿದರೆ ಮಾದರಿ ಸರಿಯಾಗಿ ತೇಲದು.

ನನಗೆ ತೋಚಿದ್ದು ‘ತೇಲುತೂಕ’. ‘ತುಂಬು ತೇಲುತೂಕ’ ಎಂದರೆ ಇಂಧನ, ಮದ್ದುಗುಂಡು ಎಲ್ಲ ತುಂಬಿದಾಗಿನದು ಎಂದು ಬಿಡಿಸಿ ಹೇಳಬೇಕಿಲ್ಲ. ಒಂದೇ ಅಳುಕು: ನೀರಿಗಿಳಿದಾಗ ವಸ್ತುವಿನ ತೂಕ ಕಡಿಮೆಯಾದಂತೆ ತೋರುತ್ತದಲ್ಲ, ಅದಕ್ಕೂ ಈ ಪದ ಒಗ್ಗುವಂತಿದೆ. ‘ನೀರ್ತಳ್ಳಿಕೆ’ ಎಂದರೆ ಆ ಗೊಂದಲವಿಲ್ಲ, ಆದರೆ ಅದು ಟನ್ನಿನಲ್ಲಿ ಅಳೆಯುವ ಸಂಗತಿ ಎಂದು ಯಾರಿಗೂ ಹೊಳೆಯದು.

ಇನ್ನು ‘ಕೀಲ್’, ಅಂದರೆ ಹಡಗಿನ ತಳದುದ್ದಕ್ಕೂ ಹಾಯುವ ತೊಲೆ. ಹಾಗೇ ಬರೆದರೆ ಓದುಗರು ಬಾಗಿಲ ಕೀಲು, ಮೂಳೆಯ ಕೀಲು ಎಂದುಕೊಳ್ಳುತ್ತಾರೆ. ಪ್ಲೈವುಡ್ಡಿನ ಅಡ್ಡಚೌಕಟ್ಟುಗಳನ್ನು ‘ಪಕ್ಕೆಲುಬು’ ಎಂದಿರುವುದರಿಂದ ಇದನ್ನು ‘ಬೆನ್ನೆಲುಬು’ ಎನ್ನಲು ಮನಸ್ಸಾಗಿದೆ. ಆದರೆ ಮಲ್ಪೆ, ತದಡಿ, ಕಾರವಾರದ ಕಡೆ ಮರದ ದೋಣಿ ಕಟ್ಟುವವರ ಬಾಯಲ್ಲಿ ಪದವಿದ್ದರೆ ನನ್ನದನ್ನು ಹೊಡೆದುಹಾಕುತ್ತೇನೆ. ಆ ಕಡೆಯವರು ತಿಳಿಸಿ: ದೋಣಿಯ ತಳದುದ್ದಕ್ಕೂ ಹಾಯುವ ಆ ಮರಕ್ಕೆ, ಹೇರು ಹೆಚ್ಚಾದಾಗ ದೋಣಿ ಕೆಳಗಿಳಿಯುವ ಮಟ್ಟಕ್ಕೆ ಏನನ್ನುತ್ತೀರಿ? ತುಳು, ಕೊಂಕಣಿ ಪದವಾದರೂ ಸರಿ.