ಸಹಾಯ ಬೇಕು: ಈ ಡೋರ್ನ್‌ಫೆಲ್ಡರ್ ವೈನ್ ಸಿಹಿಯೇ, ಅಲ್ಲವೇ?

ಜರ್ಮನಿಯಲ್ಲಿರುವ ಕನ್ನಡ ಬಂಧುಗಳಿಗೆ ನಮಸ್ಕಾರ. ನಿವೃತ್ತರಾಗುತ್ತಿರುವ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫಾಲ್ಟ್ಸ್ ಪ್ರದೇಶದ ಡೋರ್ನ್‌ಫೆಲ್ಡರ್ ಕೆಂಪು ವೈನನ್ನು ಉಡುಗೊರೆಯಾಗಿ ಕೊಡಬೇಕೆಂದಿದ್ದೇನೆ. ಆದರೆ ಅವರು ಸಿಹಿ ವೈನ್ ಮುಟ್ಟುವುದಿಲ್ಲ. ಆಗಸ್ಟ್ ಹೆರೋಲ್ಡ್ ಅವರು 1955ರಲ್ಲಿ ವೈನ್ಸ್‌ಬರ್ಗ್‌ನಲ್ಲಿ ಹೆಲ್ಫನ್‌ಸ್ಟೈನರ್ ಮತ್ತು ಹೆರೋಲ್ಡ್‌ರೇಬೆ ತಳಿಗಳನ್ನು ಸಂಕರಿಸಿ ಪಡೆದ ಈ ದ್ರಾಕ್ಷಿಯ ಕಡುಗೆಂಪು ಬಣ್ಣ ನನಗೆ ಬಹಳ ಮೆಚ್ಚುಗೆ. ತೊಡಕೆಂದರೆ, ಇದೇ ಹಣ್ಣಿನಿಂದ ಸಿಹಿ ವೈನನ್ನೂ ಸಿಹಿಯಿಲ್ಲದ ವೈನನ್ನೂ ತಯಾರಿಸುತ್ತಾರೆ.

ಲೇಬಲ್‌ನಲ್ಲಿ ‘ಟ್ರಾಕನ್’ (ಸಿಹಿಯಿಲ್ಲದ್ದು) ಎಂದಿದ್ದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ ಇರುತ್ತದೆ. ‘ಲೀಬ್ಲಿಶ್’ (ಸಿಹಿಯಾದದ್ದು) ಎಂದಿದ್ದರೆ 45 ಗ್ರಾಂವರೆಗೂ ಇರಬಹುದು. ನಾನು ನೋಡಿಟ್ಟಿರುವ 2021ರ ಬಾಟಲಿಯ ಮೇಲೆ ಇವೆರಡೂ ಇಲ್ಲ. ‘ಕ್ವಾಲಿಟೇಟ್ಸ್‌ವೈನ್’ ಎಂಬ ದರ್ಜೆ, ಪ್ರದೇಶದ ಹೆಸರು, ಅಧಿಕೃತ ಪರೀಕ್ಷಾ ಸಂಖ್ಯೆ ಮತ್ತು ಶೇ. 10.5 ಮದ್ಯಸಾರ ಎಂಬುದಷ್ಟೇ ಇದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗಳಿಗೆ ಪೋಷಕಾಂಶ ವಿವರ ಕಡ್ಡಾಯವಾಗಿದ್ದರೂ ಇದು ಅದಕ್ಕಿಂತ ಹಳೆಯದು. ಪರೀಕ್ಷಾ ಸಂಖ್ಯೆಯ ಕೊನೆಯ ಅಂಕಿಗಳು ಪರೀಕ್ಷೆ ನಡೆದ ವರ್ಷವನ್ನು ಮಾತ್ರ ತಿಳಿಸುತ್ತವೆ. ಅಂಗಡಿಯವರಿಂದಲೂ ಖಚಿತ ಉತ್ತರ ದೊರೆಯಲಿಲ್ಲ.

ಮದ್ಯಸಾರ ಇಷ್ಟು ಕಡಿಮೆಯಿದೆ ಎಂದರೆ ಹುದುಗದೆ ಉಳಿದ ಸಕ್ಕರೆ ಹೆಚ್ಚಿದೆ ಎಂದು ಧೈರ್ಯವಾಗಿ ತೀರ್ಮಾನಿಸಬಹುದೇ? ಇಲ್ಲವಾದರೆ, ಬಾಟಲಿ ತೆರೆಯದೆಯೇ ಸಿಹಿಯನ್ನು ತಿಳಿಯುವ ಬೇರೆ ದಾರಿ ಯಾವುದು? ಬಲ್ಲವರು ದಯವಿಟ್ಟು ತಿಳಿಸಬೇಕು.